ಗುರುವಾರ ಮಾತ್ರ ಕೈಕೊಡುವ ಲಿಫ್ಟು

ಜಿದ್ದಾದಲ್ಲಿ ನನ್ನ ಹೆಂಡತಿಗೆ ವಾರಕ್ಕೆ ಎರಡೇ ತಿರುಗಾಟ. ಗುರುವಾರ ಸಂಜೆ ಸಮುದ್ರದ ದಂಡೆಗೆ, ಶುಕ್ರವಾರ ಜುಮಾ ನಮಾಜ್ ಮುಗಿದ ಮೇಲೆ ಶರಫಿಯಾ ಪೇಟೆಗೆ. ದಂಡೆಯಲ್ಲಿ ಚಾಪೆ ಹಾಸಿಕೊಂಡು ಫ್ಲಾಸ್ಕಿನ ಚಹಾ ಕುಡಿಯುವುದು, ಶರಫಿಯಾದಲ್ಲಿ ಕುಚ್ಚಲಕ್ಕಿ, ಬಂಗುಡೆ, ತೆಂಗಿನಕಾಯಿ ಕೊಂಡು ಊರಿನ ನಾಲ್ಕು ಮುಖ ನೋಡಿ ಬರುವುದು. ಉಳಿದ ದಿನವೆಲ್ಲ ಅವಳು ಎರಡು ಕೋಣೆಯ ಫ್ಲ್ಯಾಟಿನಲ್ಲಿ, ನಾನು ಯಾವುದೋ ಕಟ್ಟಡದ ತಾರಸಿಯ ಮೇಲೆ ಲಿಫ್ಟಿನ ಯಂತ್ರದ ಮುಂದೆ. ಆ ಎರಡರಲ್ಲಿ ಗುರುವಾರದ ತಿರುಗಾಟವನ್ನು ಒಂದು ಲಿಫ್ಟು ಸುಮಾರು ದಿನ ನುಂಗಿ ಹಾಕಿತು. ಅದನ್ನೇ ಹೇಳುತ್ತೇನೆ.

ಲಿಫ್ಟ್ ರಿಪೇರಿ ಮಾಡುವವನಿಗೆ ಸಂಶಯ ಇರಲೇಬೇಕು. ಯಾರ ಮಾತನ್ನೂ ನಂಬಬಾರದು ಎಂದು ಈ ಕಸುಬು ಕಲಿಸಿದವರೇ ಹೇಳಿಕೊಟ್ಟಿದ್ದರು. ‘ಬಾಗಿಲು ಮುಟ್ಟಲೇ ಇಲ್ಲ’ ಎನ್ನುವವನೇ ಬಾಗಿಲಿಗೆ ಕಾಲು ಕೊಟ್ಟಿರುತ್ತಾನೆ. ‘ತಾನಾಗಿಯೇ ನಿಂತಿತು’ ಎನ್ನುವ ಮನೆಯವರೇ ಒಳಗೆ ಫ್ರಿಜ್ ತುರುಕಿರುತ್ತಾರೆ. ಈ ಗುಣ ನನ್ನಲ್ಲಿ ಸ್ವಲ್ಪ ಹೆಚ್ಚೇ ಬೇರುಬಿಟ್ಟಿದೆ. ಬಂಗುಡೆಯ ಕಿವಿರು ಎತ್ತಿ ನೋಡುವ ಹಾಗೆಯೇ ಮೀನಿನವನ ಮುಖವನ್ನೂ ನೋಡುತ್ತೇನೆ ಎಂದು ಹೆಂಡತಿ ನಗುತ್ತಾಳೆ. ನಾವು ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ. ಅದರಲ್ಲಿ ಅವಳು ಬೈಯುವುದನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ಹೋಗುತ್ತದೆ, ಇರಲಿ.

ಆ ಕಟ್ಟಡಕ್ಕೆ ಆರು ಮಹಡಿ, ಒಂದೇ ಲಿಫ್ಟು. ಮಾಲೀಕರ ಪರವಾಗಿ ಕಟ್ಟಡ ನೋಡಿಕೊಳ್ಳುತ್ತಿದ್ದ ಮ್ಯಾನೇಜರ್ ಈಜಿಪ್ಟಿನವರು. ಅವರು ಕೊಟ್ಟ ದೂರು ವಿಚಿತ್ರವಾಗಿತ್ತು. ಲಿಫ್ಟು ವಾರವಿಡೀ ಚೆನ್ನಾಗಿ ಓಡುತ್ತದೆ. ಗುರುವಾರ ರಾತ್ರಿ, ಐದನೇ ಮಹಡಿಯಲ್ಲಿ ನೆಂಟರು ಹೊರಟು ನಿಂತ ಹೊತ್ತಿಗೆ, ತನ್ನಷ್ಟಕ್ಕೆ ಕೆಳಗಿಳಿದು, ಬಾಗಿಲು ಮುಚ್ಚಿಕೊಂಡು, ದೀಪ ಆರಿಸಿಕೊಂಡು ನಿಂತುಬಿಡುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಏನೂ ಆಗದ ಹಾಗೆ ಮತ್ತೆ ಓಡುತ್ತದೆ. ಅಷ್ಟರಲ್ಲಿ ಗಾಲಿಕುರ್ಚಿಯಲ್ಲಿ ಬರುವ ಒಬ್ಬ ಮುದುಕಿಯನ್ನು ಐದು ಮಹಡಿ ಎತ್ತಿಕೊಂಡು ಇಳಿಸಬೇಕಾಗಿರುತ್ತದೆ.

ನಾನು ಹೋದದ್ದು ಭಾನುವಾರ ಬೆಳಿಗ್ಗೆ. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಮತ್ತೆ ಮತ್ತೆ ಓಡಿಸಿದೆ. ಪ್ರತಿ ಮಹಡಿಯ ಬಾಗಿಲಿನ ಕಾಂಟ್ಯಾಕ್ಟ್ ಉಜ್ಜಿದೆ, ಬಾಗಿಲಿನ ಸೆನ್ಸರ್ ಒರೆಸಿದೆ, ಬ್ರೇಕ್ ಪರೀಕ್ಷಿಸಿದೆ. ಎಲ್ಲವೂ ಸರಿ. ಕೊನೆಗೆ ತಾರಸಿಯ ಯಂತ್ರದ ಕೋಣೆಗೆ ಹೋಗಿ ಪ್ಯಾನೆಲ್ ತೆರೆದೆ. ಲಿಫ್ಟಿನ ಮಿದುಳು ಇರುವುದು ಅದರಲ್ಲೇ. ಏನಾದರೂ ಕೆಟ್ಟರೆ ಅದು ನೆನಪಿಟ್ಟುಕೊಳ್ಳುತ್ತದೆ. ಅಲ್ಲಿ ಕೆಟ್ಟದ್ದು ಏನೂ ದಾಖಲಾಗಿರಲಿಲ್ಲ. ಇದ್ದದ್ದು ಒಂದೇ ಮಾತು: ಪಾರ್ಕಿಂಗ್. ಗುರುವಾರ ರಾತ್ರಿ.

ಪಾರ್ಕಿಂಗ್ ಎಂದರೆ ಲಿಫ್ಟನ್ನು ಮಲಗಿಸುವುದು. ನೆಲಮಹಡಿಯ ಗೋಡೆಯಲ್ಲಿ ಕೀಲಿ ಹಾಕುವ ಒಂದು ಸ್ವಿಚ್ಚು ಇರುತ್ತದೆ. ಕೀಲಿ ತಿರುಗಿಸಿದರೆ ಲಿಫ್ಟು ಕೆಳಗೆ ಬಂದು, ಒಳಗಿದ್ದವರನ್ನು ಹೊರಬಿಟ್ಟು, ದೀಪ ಆರಿಸಿ ನಿಲ್ಲುತ್ತದೆ. ಹಿಂದಕ್ಕೆ ತಿರುಗಿಸಿದರೆ ಏಳುತ್ತದೆ. ಅಂದರೆ ಇದು ಯಂತ್ರದ ರೋಗವಲ್ಲ, ಯಾರದೋ ಕೈಚಳಕ.

ನಾನು ಇಳಿದು ಬರುವಾಗ ಮ್ಯಾನೇಜರ್, ಐದನೇ ಮಹಡಿಯ ಯಜಮಾನರು ಮತ್ತು ಹಾರಿಸ್ ಲಿಫ್ಟಿನ ಮುಂದೆಯೇ ನಿಂತಿದ್ದರು. ಇಲ್ಲಿ ಕಟ್ಟಡದ ಕಾವಲುಗಾರನಿಗೆ ಹಾರಿಸ್ ಎನ್ನುತ್ತಾರೆ. ಈ ಹಾರಿಸ್ ಬಾಂಗ್ಲಾದೇಶದವರು, ಬಿಳಿ ಗಡ್ಡದವರು, ಗೇಟಿನ ಪಕ್ಕದ ಕೋಣೆಯಲ್ಲೇ ವಾಸ. ಐದನೇ ಮಹಡಿಯ ಯಜಮಾನರು ಇಲ್ಲಿಯವರೇ, ಶಾಲೆಯ ಮೇಷ್ಟರು.

“ಯಂತ್ರ ಏನು ಹೇಳುತ್ತದೆ?” ಎಂದು ಮ್ಯಾನೇಜರ್ ಕೇಳಿದರು.

“ಯಂತ್ರ ಸರಿ ಇದೆ. ಯಾರೋ ಕೀಲಿ ತಿರುಗಿಸಿದ್ದಾರೆ” ಎಂದೆ.

“ಕೀಲಿ ಯಾರ ಬಳಿ?”

ಹಾರಿಸ್ ಅಂಗಿಯ ಜೇಬು ಮುಟ್ಟಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನನ್ನ ತಲೆಯಲ್ಲಿ ಓಡಿತು. ಮೇಷ್ಟರಿಗೂ ಅರಬಿಯಲ್ಲಿ ಅಂಥದೇ ಒಂದು ಓಡಿರಬೇಕು. “ನನಗೆ ಮೊದಲೇ ಅನಿಸಿತ್ತು. ಲಿಫ್ಟು ನಿಂತ ಕೂಡಲೇ ಇವನು ಓಡಿ ಬರುತ್ತಾನೆ. ಕೀಲಿ ಹಾಕಿ ತಿರುಗಿಸುತ್ತಾನೆ. ಸ್ವಲ್ಪ ಹೊತ್ತಿಗೆ ಸರಿಯಾಗುತ್ತದೆ. ಮೊದಲೆರಡು ಸಲ ಪಾಪ ಎಂದು ಕೈಗೆ ಏನಾದರೂ ಕೊಟ್ಟೆ. ನಿಲ್ಲಿಸುವವನೂ ಇವನೇ, ಓಡಿಸುವವನೂ ಇವನೇ” ಎಂದರು.

“ಮೈನೆ ನಹೀ ಕಿಯಾ, ಭಾಯ್”, ನಾನು ಮಾಡಿಲ್ಲ ಅಣ್ಣ, ಎಂದು ಹಾರಿಸ್ ಹೇಳಿದ್ದು ಅವರಿಗಲ್ಲ, ನನಗೆ. ಅವರಲ್ಲಿ ಹಿಂದಿ ಅರ್ಥವಾಗುವವನು ನಾನೊಬ್ಬನೇ. ನಾನು ಅದನ್ನು ಅರಬಿಗೆ ತಿರುಗಿಸದೆ ಸಾಮಾನಿನ ಚೀಲ ತೆರೆದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಹಾಗೆ ಕೀಲಿಯ ಸ್ವಿಚ್ಚನ್ನೂ ಬಿಚ್ಚಿದೆ. ಜಿದ್ದಾದ ಉಪ್ಪುಗಾಳಿಗೆ ಒಳಗೆ ಹಸಿರು ಕಿಲುಬು ಹಿಡಿದಿತ್ತು. ಕಿಲುಬಿನಿಂದ ಒಮ್ಮೊಮ್ಮೆ ತಾನಾಗಿಯೇ ಕಾಂಟ್ಯಾಕ್ಟ್ ಆಗುವುದುಂಟು. ಹೊಸ ಸ್ವಿಚ್ಚು ಹಾಕಿ, ಅದರ ಕೀಲಿಯನ್ನು ಹಾರಿಸ್ ಕೈಗೆ ಕೊಟ್ಟೆ. ಮುಂದಿನ ಗುರುವಾರ ಲಿಫ್ಟು ನಿಲ್ಲಲಿಲ್ಲ. ದಂಡೆಯಲ್ಲಿ ಚಾಪೆಯ ಮೇಲೆ ಕುಳಿತು ಹೆಂಡತಿಯ ಮುಂದೆ ಸ್ವಲ್ಪ ಜಂಭವನ್ನೂ ಕೊಚ್ಚಿದೆ. ಆ ವಾರ ನೆಂಟರ ಕೂಟ ಐದನೇ ಮಹಡಿಯಲ್ಲಿ ಇರಲೇ ಇಲ್ಲ, ಬೇರೆ ಯಾರದೋ ಮನೆಯಲ್ಲಿತ್ತು ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಅದರ ಮುಂದಿನ ಗುರುವಾರ ಮತ್ತೆ ಅದೇ ರಾಗ. ಹೋಗಿ ನೋಡಿದರೆ ಪ್ಯಾನೆಲ್ಲಿನಲ್ಲೂ ಅದೇ: ಪಾರ್ಕಿಂಗ್. ಈ ಸಲ ನಾನು ಹಾರಿಸ್‌ರಿಂದ ಕೀಲಿಯನ್ನೇ ಕಿತ್ತುಕೊಂಡು ನನ್ನ ಜೇಬಿಗೆ ಹಾಕಿಕೊಂಡೆ. ಅವರೇ ಜೇಬಿನಿಂದ ತೆಗೆದು ಕೊಟ್ಟರು. ಅಷ್ಟು ಸುಲಭವಾಗಿ ಕೊಟ್ಟದ್ದೂ ನನಗೆ ಸಂಶಯವಾಯಿತು.

ಮರುವಾರದ ಗುರುವಾರ ದಂಡೆಯಲ್ಲಿ ಹೆಂಡತಿ ಚಹಾ ಬಗ್ಗಿಸುತ್ತಿದ್ದಾಗಲೇ ಫೋನು ಬಂತು. ಚಾಪೆ ಮಡಚಿ ಓಡಿದೆವು. ನಾವು ಮುಟ್ಟುವಾಗ ಲಿಫ್ಟು ಆರಾಮವಾಗಿ ಓಡುತ್ತಿತ್ತು, ಮೇಷ್ಟರು ಮೆಟ್ಟಿಲ ಮೇಲೆ ಬೆವರಿಳಿಸುತ್ತಾ ಕುಳಿತಿದ್ದರು. ಮುದುಕಿಯನ್ನು ಇಳಿಸಿ ಮುಗಿದಿತ್ತು. ಗಾಲಿಕುರ್ಚಿಯ ಒಂದು ಬದಿ ಹಿಡಿದು ಇಳಿಸಿದ್ದು ಹಾರಿಸ್. ಆದರೂ ಅವರಿಗೆ ಯಾರೂ ಒಂದು ಲೋಟ ನೀರು ಕೊಟ್ಟಿರಲಿಲ್ಲ. ಇರುವ ಒಂದೇ ಕೀಲಿ ನನ್ನ ಜೇಬಿನಲ್ಲಿ. ಹಾಗಾದರೆ ಇನ್ನೊಂದು ಕೀಲಿ ಇದೆ ಎಂದು ತೀರ್ಮಾನಿಸಿದೆ.

ಮರುದಿನ ಶುಕ್ರವಾರ ಶರಫಿಯಾದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಡತಿ ದರ್ಜಿಯ ಅಂಗಡಿಯಲ್ಲಿದ್ದಳು, ನಾನು ತೆಂಗಿನಕಾಯಿ ಚೀಲ ಹಿಡಿದುಕೊಂಡು ಹೊರಗೆ. ಎದುರು ಸಾಲಿನಲ್ಲಿ ಕೀಲಿ ಮಾಡಿಕೊಡುವವನ ಪುಟ್ಟ ಗೂಡಂಗಡಿ. ಅದರ ಮುಂದಿನ ಸ್ಟೂಲಿನಲ್ಲಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ನಮ್ಮ ಹಾರಿಸ್! ಕೀಲಿಯವನ ಜೊತೆ ಆಪ್ತವಾಗಿ ಮಾತಾಡುತ್ತಾ ಚಹಾ ಕುಡಿಯುತ್ತಿದ್ದರು. ನನ್ನ ಎದೆ ಖುಷಿಯಿಂದ ಹೊಡೆದುಕೊಂಡಿತು. ಹೌದು, ಖುಷಿಯಿಂದಲೇ. ಸಂಶಯಗಾರನಿಗೆ ಸಂಶಯ ನಿಜವಾಗುವಷ್ಟು ಹಿತವಾದದ್ದು ಇನ್ನೊಂದಿಲ್ಲ.

ನಿಂತಲ್ಲಿಂದಲೇ ನನ್ನ ಸೂಪರ್‌ವೈಸರ್‌ಗೆ ಫೋನು ಮಾಡಿದೆ. ಅವರು ಉಡುಪಿ ಕಡೆಯ ಕೊಂಕಣಿಯವರು, ಕೆಲಸದಲ್ಲಿ ಹುಲಿ.

“ಎಂತ ಮಾರಾಯ, ಒಂದು ಕೀ ಸ್ವಿಚ್ಚಿಗೆ ಎಷ್ಟು ಸಲ ಹೋಗುದು ನೀನು? ಸಿಕ್ಕಿದನಲ್ಲ ಕಳ್ಳ. ‘ದುರ್ಬಳಕೆ’ ಅಂತ ರಿಪೋರ್ಟ್ ಬರ್ದು ಕ್ಲೋಸ್ ಮಾಡು. ಮ್ಯಾನೇಜರ್‌ಗೆ ನಾನು ಹೇಳ್ತೇನೆ.”

ಅವರು ಹೇಳಿಯೂಬಿಟ್ಟರು. ಶನಿವಾರ ಮ್ಯಾನೇಜರ್ ನನಗೆ ಫೋನು ಮಾಡಿ, ನನ್ನ ರಿಪೋರ್ಟ್ ಕೈಸೇರಿದ ಮೇಲೆ ಹಾರಿಸ್‌ಗೆ ಎಕ್ಸಿಟ್ ಹೊಡೆಸುವುದಾಗಿ ತಿಳಿಸಿದರು. ಎಕ್ಸಿಟ್ ಎಂದರೆ ಇಕಾಮಾ ಎಂಬ ವಾಸದ ಪರವಾನಗಿ ರದ್ದು, ವಿಮಾನ ಹತ್ತಿಸುವುದು, ಅಷ್ಟೇ. ಹಾರಿಸ್‌ರ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿ, ಆ ಕಟ್ಟಡದ ಮಾಲೀಕರೇ, ಆದ್ದರಿಂದ ಕೇಳುವವರು ಬೇರೆ ಯಾರೂ ಇಲ್ಲ.

ರಿಪೋರ್ಟ್ ಬರೆಯಲು ಕುಳಿತಿದ್ದೆ. ಅಷ್ಟರಲ್ಲಿ ಹಾರಿಸ್‌ರದೇ ಫೋನು. ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಹಿಂದಿಯಲ್ಲಿ ಅವರು ಹೇಳಿದ್ದು ಇಷ್ಟು: “ನೀವು ಬರುವುದೆಲ್ಲ ಮುಗಿದ ಮೇಲೆ. ಒಂದು ಗುರುವಾರ ಮುಂಚೆ ಬನ್ನಿ. ನನ್ನನ್ನು ನಿಮ್ಮ ಕಣ್ಣೆದುರು ಕೂರಿಸಿಕೊಳ್ಳಿ. ಬೇಕಾದರೆ ಕಟ್ಟಿಹಾಕಿ. ಆಮೇಲೆ ಏನು ಬೇಕಾದರೂ ಬರೆಯಿರಿ.”

“ಕೀಲಿ ಅಂಗಡಿಯಲ್ಲಿ ಏನು ಮಾಡುತ್ತಿದ್ದಿರಿ, ಚಾಚಾ?” ಎಂದು ಕೇಳಿದೆ.

“ಅವನು ನನ್ನ ಊರಿನವನು. ಶುಕ್ರವಾರ ಇನ್ನೆಲ್ಲಿಗೆ ಹೋಗಲಿ?” ಎಂದರು.

ಅವರನ್ನು ನಂಬಿ ಒಪ್ಪಿದೆ ಎಂದರೆ ಸುಳ್ಳಾಗುತ್ತದೆ. ಇದೂ ಒಂದು ಆಟ, ಕೈಯಲ್ಲಿ ಕೀಲಿ ಇರುವಾಗಲೇ ಹಿಡಿಯೋಣ ಎಂದು ಒಪ್ಪಿದೆ. ರಿಪೋರ್ಟನ್ನು ಮುಂದಿನ ವಾರಕ್ಕೆ ಹಾಕಿದೆ.

ಹೆಂಡತಿ ಮಾತ್ರ ಬಗ್ಗಲಿಲ್ಲ. “ಈ ಗುರುವಾರವೂ ಲಿಫ್ಟಾ? ನನ್ನನ್ನು ಮನೆಯಲ್ಲಿ ಬಿಟ್ಟು ಹೋದ್ರೆ ನೋಡಿ ಮತ್ತೆ. ನಾನೂ ಬರ್ತೇನೆ. ಕೆಲಸ ಮುಗಿಸಿ ಅಲ್ಲಿಂದಲೇ ದಂಡೆಗೆ ಹೋಗುವ” ಎಂದಳು. ಚಾಪೆ, ಫ್ಲಾಸ್ಕು ಎಲ್ಲ ಹಿಂದಿನ ಸೀಟಿಗೆ ಹಾಕಿದೆವು.

ಕಟ್ಟಡದ ಗೇಟಿನ ಎದುರು ಕಾರು ನಿಲ್ಲಿಸಿ, ಎ.ಸಿ. ಹಾಕಿ ಅವಳನ್ನು ಕೂರಿಸಿ, ನಾನು ಹಾರಿಸ್‌ರನ್ನು ಕರೆದುಕೊಂಡು ತಾರಸಿಗೆ ಹೋದೆ. ಯಂತ್ರದ ಕೋಣೆಯಲ್ಲಿ ಅವರ ಜೇಬುಗಳನ್ನು ಖಾಲಿ ಮಾಡಿಸಿದೆ. ಜಪಮಣಿ, ಮೊಬೈಲು, ಒಂದು ಬೀಗದ ಕೈ. ಅದು ಅವರ ಕೋಣೆಯದು. ಖಾಲಿ ಪೇಂಟ್ ಡಬ್ಬವನ್ನು ಮಗುಚಿ ಹಾಕಿ ಅದರ ಮೇಲೆ ಕೂರಿಸಿದೆ. ಕೆಳಗಿನ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿ, ನನ್ನ ಸಹಾಯಕ ಹುಡುಗನನ್ನು ಅಲ್ಲೇ ನಿಲ್ಲಿಸಿ ಬಂದಿದ್ದೆ, ಯಾರಾದರೂ ಮುಟ್ಟಿದರೆ ಹರಿಯಬೇಕು. ಆಮೇಲೆ ಕಾದೆವು. ಮೋಟಾರು ತಿರುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತಿರುಗುತ್ತಿತ್ತು. ರಾತ್ರಿಯ ನಮಾಜಿಗೆ ಕರೆಯುವ ಇಷಾ ಬಾಂಗ್ ಆಯಿತು. ಹಾರಿಸ್ ಅಲ್ಲೇ ರಟ್ಟಿನ ತುಂಡು ಹಾಸಿ ನಮಾಜ್ ಮಾಡಿದರು. ನಾನು ಆಮೇಲೆ ಮಾಡಿದರಾಯಿತೆಂದು ಪ್ಯಾನೆಲ್ಲಿನಿಂದ ಕಣ್ಣು ತೆಗೆಯಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಪ್ಯಾನೆಲ್ಲಿನೊಳಗೆ ‘ಟಿಕ್’ ಎಂದಿತು. ಪಾರ್ಕಿಂಗಿನ ಪುಟ್ಟ ಹಸಿರು ದೀಪ ಹೊತ್ತಿಕೊಂಡಿತು. ಮೋಟಾರು ತಿರುಗಿ ಲಿಫ್ಟು ಕೆಳಕ್ಕೆ ಹೊರಟಿತು.

ಹಾರಿಸ್ ಡಬ್ಬದ ಮೇಲೆಯೇ ಇದ್ದರು. ಎರಡೂ ಕೈ ಮೊಣಕಾಲ ಮೇಲಿದ್ದವು. “ದೇಖಾ?” ಎಂದರು.

ನನಗೆ ನಾಚಿಕೆಗಿಂತ ಮೊದಲು ಬಂದದ್ದು ಬೇರೆಯವರ ಮೇಲಿನ ಸಂಶಯ. ಹಾಗಾದರೆ ಮೇಷ್ಟರೇ? ನಾಲ್ಕನೇ ಮಹಡಿಯವರೇ? ಮ್ಯಾನೇಜರ್‌ರೇ? ಕೆಳಗೆ ನಿಂತ ಸಹಾಯಕನಿಗೆ ಫೋನು ಮಾಡಿದರೆ ಟೇಪು ಹಾಗೇ ಇದೆ ಎಂದ. ಆಗ ಮಾತ್ರ ತಲೆ ಕೆಲಸ ಮಾಡತೊಡಗಿತು. ಸ್ವಿಚ್ಚಿನಿಂದ ಬಂದ ವಯರನ್ನು ಪ್ಯಾನೆಲ್ಲಿನ ಟರ್ಮಿನಲ್ಲಿನಿಂದ ಬಿಚ್ಚಿದೆ. ವಯರು ಕೈಯಲ್ಲಿದೆ, ದೀಪ ಆರಲಿಲ್ಲ. ಕೀಲಿಯ ವಯರೇ ಇಲ್ಲದೆ ಕೀಲಿ ತಿರುಗಿದೆ ಎಂದು ಯಂತ್ರ ಹೇಳುತ್ತಿದೆ! ಟಾರ್ಚ್ ಹಿಡಿದು ನೋಡಿದರೆ ಅದೇ ಸ್ಕ್ರೂವಿನ ಕೆಳಗೆ, ಹಿಂಬದಿಯಿಂದ, ಕೂದಲಿಗಿಂತ ಸ್ವಲ್ಪ ದಪ್ಪದ ಇನ್ನೊಂದು ವಯರು. ನಮ್ಮ ಕಂಪನಿಯ ಬಣ್ಣವಲ್ಲ. ಅದು ಕೇಬಲ್ ಪಟ್ಟಿಯ ಬೆನ್ನಿಗೆ ಅಂಟಿಕೊಂಡು, ಗೋಡೆಯ ತೂತಿನಲ್ಲಿ ನುಸುಳಿ, ಕೆಳಗಿನ ಮಹಡಿಗಳಿಗೆ ಇಳಿದಿತ್ತು.

ಮೆಟ್ಟಿಲಿಳಿಯುತ್ತಾ ಗೋಡೆಗೆ ಹೊಡೆದ ಪ್ಲಾಸ್ಟಿಕ್ ಪೈಪನ್ನು ಹಿಂಬಾಲಿಸಿದೆ. ಹಾರಿಸ್ ನನ್ನ ಹಿಂದೆ. ಐದನೇ ಮಹಡಿಯ ತಿರುವಿಗೆ ಬರುತ್ತಿದ್ದಂತೆ ಮೂಗಿಗೆ ಊದಿನ, ಅಂದರೆ ಅಗರು ಧೂಪದ, ಪರಿಮಳ ಬಡಿಯಿತು. ಲಿಫ್ಟಿನ ಬಾಗಿಲ ಮುಂದೆ ಕಪ್ಪು ಅಬಾಯಾ ತೊಟ್ಟ ಹೆಂಗಸರ ಗುಂಪು, ನಡುವೆ ಗಾಲಿಕುರ್ಚಿಯಲ್ಲಿ ಆ ಮುದುಕಿ. ನಾನು ಗೋಡೆಗೆ ಮುಖ ಮಾಡಿ ನಿಂತುಬಿಟ್ಟೆ. ಅಷ್ಟರಲ್ಲಿ ಗುಂಪಿನೊಳಗಿಂದ ನನ್ನ ಹೆಂಡತಿಯದೇ ದನಿ: “ಇದಾ, ನೀವೆಂತ ಇಲ್ಲಿ?”

“ನೀನೆಂತ ಇಲ್ಲಿ?” ಎಂದೆ, ಗೋಡೆಗೇ.

ಕಾರಿನಲ್ಲಿ ಒಬ್ಬಳೇ ಕುಳಿತಿದ್ದವಳನ್ನು ನೆಂಟರಲ್ಲೊಬ್ಬರು ನೋಡಿದ್ದರಂತೆ. ಹರಾಮ್, ಹೆಂಗಸನ್ನು ಕಾರಿನಲ್ಲಿ ಕೂರಿಸಿ ಹೋಗುವುದುಂಟೇ ಎಂದು ಕೈಹಿಡಿದು ಮೇಲಕ್ಕೆ ಕರೆದೊಯ್ದಿದ್ದರು. ಖರ್ಜೂರ, ಕಾಫಿ, ಸಂಬೂಸ ಎಲ್ಲ ಆಗಿ ಈಗ ಬೀಳ್ಕೊಡುಗೆ ನಡೆಯುತ್ತಿತ್ತು. “ಊದ್ ಬಂದ ಮೇಲೆ ಕೂರಬಾರ್ದಂತೆ, ಏಳ್ಬೇಕಂತೆ. ಬಾಗಿಲಿನವರೆಗೆ ಬಂದು ಹೊಗೆ ಕೊಡ್ತಾರೆ ಮಾರಾಯ್ರೆ, ಸೆರಗಿಗೆ, ಕೈಗೆಲ್ಲ. ಎಂಥ ಪರಿಮಳ ನೋಡಿ” ಎಂದು ಅವಳು ಸಂಭ್ರಮದಲ್ಲಿ ಹೇಳುತ್ತಿದ್ದಳು.

ಓರೆಗಣ್ಣಿನಲ್ಲಿ ನೋಡಿದೆ. ಮೇಷ್ಟರ ಹೆಂಡತಿಯ ಕೈಯಲ್ಲಿ ಕೆಂಡದ ಧೂಪಪಾತ್ರೆ. ಹೊರಡುವ ಒಬ್ಬೊಬ್ಬರ ಅಬಾಯಾದ ತೋಳಿನ ಕೆಳಗೆ ಅದನ್ನು ಹಿಡಿಯುತ್ತಿದ್ದರು. ದಟ್ಟ ಹೊಗೆ ಲಿಫ್ಟಿನ ಬಾಗಿಲ ಮೇಲಕ್ಕೇರಿ, ಅಲ್ಲಿ ಸೂರಿಗೆ ಕಚ್ಚಿಕೊಂಡಿದ್ದ ಬಿಳಿ ಬಟ್ಟಲಿನಂಥ ವಸ್ತುವಿಗೆ ತಾಗುತ್ತಿತ್ತು. ಅದರ ಕೆಂಪು ದೀಪ ಹೊಳೆಯುತ್ತಿತ್ತು. ನಾನು ಹಿಡಿದು ಬಂದ ಪ್ಲಾಸ್ಟಿಕ್ ಪೈಪು ಹೋಗಿ ಸೇರಿದ್ದು ಅದಕ್ಕೇ.

ಹೊಗೆ ಪತ್ತೆಹಚ್ಚುವ ಯಂತ್ರ. ಇತ್ತೀಚೆಗೆ ಬೇರೆ ಯಾರೋ ಗುತ್ತಿಗೆದಾರರು ಮಹಡಿಮಹಡಿಗೂ ಹಾಕಿದ್ದರು. ಹೊಗೆ ಬಂದರೆ ಲಿಫ್ಟು ಕೆಳಗೆ ಹೋಗಿ ನಿಲ್ಲಬೇಕು, ಅದು ಸರಿಯೇ. ಆದರೆ ಬೆಂಕಿಯ ಸೂಚನೆಗೆಂದು ಪ್ಯಾನೆಲ್ಲಿನಲ್ಲಿ ಬೇರೆ ಟರ್ಮಿನಲ್ ಇದೆ. ಅದನ್ನು ಹುಡುಕುವ ಗೋಜಿಗೆ ಹೋಗದೆ, ಹೇಗೂ ಲಿಫ್ಟು ಕೆಳಗಿಳಿಯುತ್ತದಲ್ಲ ಎಂದು ಕೀಲಿಯ ಸ್ಕ್ರೂವಿಗೇ ಸಿಕ್ಕಿಸಿ ಹೋಗಿದ್ದರು. ಆದ್ದರಿಂದ ಹೊಗೆ ಬಂದಾಗಲೆಲ್ಲ ಯಂತ್ರಕ್ಕೆ ಕಾಣುತ್ತಿದ್ದದ್ದು ಹಾರಿಸ್‌ರ ಕೀಲಿ. ಹೊಗೆ ಚದುರಿದ ಮೇಲೆ ಲಿಫ್ಟು ತಾನಾಗಿಯೇ ಏಳುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಪಾಪದ ಮನುಷ್ಯ ಕೀಲಿ ತಿರುಗಿಸುತ್ತಾ ನಿಂತಿರುತ್ತಿದ್ದರು.

ಮುದುಕಿಯನ್ನು ಇಳಿಸಬೇಕಾಗಲಿಲ್ಲ. ಧೂಪಪಾತ್ರೆ ಒಳಗೆ ಒಯ್ಯಿಸಿ, ಮೆಟ್ಟಿಲಿನ ಕಿಟಕಿ ತೆರೆದೆವು. ಸ್ವಲ್ಪ ಹೊತ್ತಿಗೆ ಲಿಫ್ಟು ಬಂತು.

ತಾರಸಿಗೆ ಹಿಂತಿರುಗಿ ಸೂಪರ್‌ವೈಸರ್‌ಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಆ ಪ್ಯಾನೆಲ್‌ನ ಬೀಗ ಯಾರದ್ದು?”

“ನಮ್ಮದು.”

“ಹಾಗಾದ್ರೆ ಅವ್ರಿಗೆ ತೆಗ್ದು ಕೊಟ್ಟದ್ದು ಯಾರು? ನಮ್ಮವನೇ ಯಾರೋ. ನಾಳೆ ಕಾಂಟ್ರ್ಯಾಕ್ಟ್ ಹೋದ್ರೆ ನಿನ್ನ ತಲೆಗೂ ಬರ್ತದೆ, ನನ್ನ ತಲೆಗೂ ಬರ್ತದೆ. ನಿನ್ನ ಇಕಾಮಾ ರಿನ್ಯೂವಲ್‌ಗೆ ಉಂಟಲ್ಲ ಈಗ? ಸುಮ್ನೆ ಆ ವಯರ್ ತೆಗ್ದು ಸರಿ ಜಾಗಕ್ಕೆ ಹಾಕು. ಡಿಟೆಕ್ಟರ್ ಬಾಗಿಲ ಮುಂದಿಂದ ಆಚೆ ಸರಿಸ್ಲಿಕ್ಕೆ ನಾನು ಆ ಕಡೆಯವ್ರಿಗೆ ಹೇಳ್ತೇನೆ. ಯಾರಿಗೂ ಎಂತ ಹೇಳುದು ಬೇಡ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು.”

“ಹಾರಿಸ್?”

“ರಿಪೋರ್ಟ್‌ನಲ್ಲಿ ಅವನ ಹೆಸ್ರು ಹಾಕ್ಬೇಡ. ಆಯ್ತಲ್ಲ?”

ಆಗಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ಆ ವಯರಿನ ಮುಂದೆ ಕುಳಿತಾಗ ನನಗೆ ಹೊಳೆದದ್ದು ಇದು: ನಾನು ಗುಟ್ಟಾಗಿ ಸರಿಮಾಡಿದರೆ ಲಿಫ್ಟು ಇನ್ನು ಯಾವ ಗುರುವಾರವೂ ನಿಲ್ಲುವುದಿಲ್ಲ. ಮ್ಯಾನೇಜರ್ ಆಗಲೇ ಮನಸ್ಸು ಮಾಡಿದ್ದಾರೆ, ಹಾರಿಸ್ ಹೋಗುತ್ತಾರೆ. ಆಮೇಲೆ ಆರು ಮಹಡಿಯ ಜನವೂ ಏನು ಹೇಳುತ್ತಾರೆ? ಆ ಮುದುಕ ಹೋದದ್ದೇ ತಡ, ಲಿಫ್ಟು ಸರಿಯಾಯಿತು ನೋಡಿ! ನನ್ನ ರಿಪೇರಿಯೇ ಅವರ ಮೇಲಿನ ಆರೋಪಕ್ಕೆ ಮೊಹರು ಒತ್ತುತ್ತದೆ. ಕೆಟ್ಟ ಲಿಫ್ಟಿಗಿಂತ ರಿಪೇರಿಯಾದ ಲಿಫ್ಟೇ ಅವರಿಗೆ ದೊಡ್ಡ ಕುತ್ತು. ನನಗೆ ಹೆದರಿಕೆಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಹೆಂಡತಿ ಬಂದು ವರ್ಷವೂ ತುಂಬಿರಲಿಲ್ಲ. ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿದೆ, ವಯರು ಮುಟ್ಟಲಿಲ್ಲ. ಮ್ಯಾನೇಜರ್‌ಗೆ ಫೋನು ಮಾಡಿ, “ಈಗಲೇ ಬನ್ನಿ, ಕಣ್ಣಾರೆ ನೋಡಬೇಕಾದದ್ದು ಒಂದಿದೆ” ಎಂದೆ.

ಅವರು ಗೊಣಗುತ್ತಾ ಬಂದರು. ಮೇಷ್ಟರೇ ಒಳಗಿಂದ ಧೂಪಪಾತ್ರೆ ತಂದರು. ಅದರಲ್ಲಿ ಊದಿನ ಚಕ್ಕೆ ಹಾಕಿ ಲಿಫ್ಟಿನ ಬಾಗಿಲ ಮುಂದೆ ಹಿಡಿದರು. ಲಿಫ್ಟು ನಮ್ಮೆದುರೇ ಬಾಗಿಲು ತೆರೆದುಕೊಂಡು ನಿಂತಿತ್ತು. ಮೇಲಿನ ಕೆಂಪು ದೀಪ ಹೊತ್ತಿತು, ಬಾಗಿಲು ಮುಚ್ಚಿತು, ಲಿಫ್ಟು ಕೆಳಗಿಳಿಯಿತು. ಮೇಷ್ಟರು ಪಾತ್ರೆಯನ್ನೂ ಹಾರಿಸ್‌ರನ್ನೂ ಮೂರ್ನಾಲ್ಕು ಸಲ ನೋಡಿದರು. ಮ್ಯಾನೇಜರ್ ನಮ್ಮಿಬ್ಬರ ಜೊತೆ ತಾರಸಿಗೆ ಬಂದು ಎರಡು ವಯರನ್ನೂ ನೋಡಿದರು. ಪ್ಯಾನೆಲ್ಲಿನ ಬೀಗ ಯಾರದು ಎಂದು ಕೇಳಿದರು. ನಮ್ಮದು ಎಂದೆ. ಆಮೇಲೆ ಹಾರಿಸ್‌ರ ಕಡೆ ತಿರುಗಿ, “ಖಲಾಸ್, ಹೋಗು, ನಿನ್ನ ಕೆಲಸ ನೋಡು” ಎಂದರು. ಅಲ್ಲಿಗೆ ಎಕ್ಸಿಟ್ಟಿನ ಮಾತು ಮುಗಿಯಿತು.

ನನ್ನ ಇಕಾಮಾ ನವೀಕರಣವೂ ಆಯಿತು. ಆದರೆ ಸ್ವಲ್ಪ ದಿನದಲ್ಲೇ ನನ್ನನ್ನು ಕೆಲವು ತಿಂಗಳ ಮಟ್ಟಿಗೆ ಉತ್ತರದ ದೂರದ ಊರು ತಬೂಕಿಗೆ ಕಳಿಸಿದರು. ಅದು ಶಿಕ್ಷೆಯೋ, ನಿಜವಾಗಿಯೂ ಅಲ್ಲಿ ಜನ ಬೇಕಿತ್ತೋ, ಇವತ್ತಿಗೂ ನನಗೆ ಸಂಶಯ.

ಆ ರಾತ್ರಿ ವಯರನ್ನು ಸರಿಯಾದ ಜಾಗಕ್ಕೆ ಹಾಕಿ, ಕೈ ಒರೆಸಿಕೊಂಡು ಹೊರಟೆ. ಹೆಂಡತಿ ಕಾರಿನಲ್ಲಿ ಕಾಯುತ್ತಿದ್ದಳು. ಗೇಟಿನ ಹತ್ತಿರ ಹಾರಿಸ್ ಅಡ್ಡ ನಿಂತರು. ಧನ್ಯವಾದ ಹೇಳಲು ನಿಂತಿದ್ದಾರೆ ಎಂದುಕೊಂಡು, ಅದೆಲ್ಲ ಬೇಡ ಚಾಚಾ ಎನ್ನಲು ಬಾಯಿ ತೆರೆದೆ.

“ಮ್ಯಾನೇಜರ್‌ಗೆ ಹೇಳಿದಿರಿ. ಮೇಷ್ಟರು ಕಣ್ಣಾರೆ ನೋಡಿದರು. ಉಳಿದ ಮನೆಗಳಿಗೆ ಯಾರು ಹೇಳುತ್ತಾರೆ?” ಎಂದರು.

“ನೀವೇ ಹೇಳಿ, ಚಾಚಾ.”

“ನಾನು ಹೇಳಿದರೆ ನಂಬುವುದಾದರೆ ಆವತ್ತೇ ನಂಬುತ್ತಿದ್ದರು.”

ಸ್ವಲ್ಪ ತಡವಾಗುತ್ತದೆ ಎಂದು ಹೆಂಡತಿಗೆ ಸನ್ನೆ ಮಾಡಿದೆ. ಹಾರಿಸ್ ಕೋಣೆಗೆ ಹೋಗಿ ಆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದರು. ಮೊದಲ ಮಹಡಿಯಿಂದ ಶುರುಮಾಡಿದೆವು. ನಾನು ಗಂಟೆ ಒತ್ತುವುದು, ಅವರು ನನ್ನ ಹಿಂದೆ ಗೋಡೆ ಪಕ್ಕ ನಿಲ್ಲುವುದು. ನನ್ನ ಹರಕು ಅರಬಿಯಲ್ಲಿ ಹೇಳುತ್ತಿದ್ದೆ: ಲಿಫ್ಟಿನ ವಯರು ತಪ್ಪಾಗಿತ್ತು, ಹಾರಿಸ್ ಏನೂ ಮಾಡಿಲ್ಲ, ಇನ್ನು ಮುಂದೆ ದಯವಿಟ್ಟು ಊದಿನ ಹೊಗೆ ಮನೆಯೊಳಗೇ ಹಿಡಿಯಿರಿ. ಕೆಲವರು ತಲೆಯಾಡಿಸಿದರು. ಒಬ್ಬರು ಪೂರ್ತಿ ಕೇಳದೆ ಬಾಗಿಲು ಹಾಕಿದರು. ಒಂದು ಮನೆಯಲ್ಲಿ ಪಾಕಿಸ್ತಾನದ ಕುಟುಂಬವಿತ್ತು. ಅವರು ಹಾರಿಸ್‌ರ ಕೈ ಹಿಡಿದುಕೊಂಡು ಮಾಫ್ ಮಾಡಿ ಎಂದರು.

ಆರನೇ ಮಹಡಿಯ ಕೊನೆಯ ಬಾಗಿಲು ತೆರೆದವರು ಕಪ್ಪು ಚೌಕಟ್ಟಿನ ಕನ್ನಡಕದ ಒಬ್ಬ ವೃದ್ಧರು. ಊರುಗೋಲು ಹಿಡಿದು ನಿಂತು, ನನ್ನ ಪಾಠವನ್ನೆಲ್ಲ ತಾಳ್ಮೆಯಿಂದ ಕೇಳಿದರು. ನಾನು ಮುಗಿಸಿದ ಮೇಲೆ ನನ್ನ ಭುಜದಾಚೆ ಹಾರಿಸ್‌ರನ್ನು ನೋಡಿದರು, ಮತ್ತೆ ನನ್ನನ್ನು.

“ಇವನು ಮಾಡಿದ್ದಲ್ಲ, ಸರಿ. ಮಾಡಿದ್ದು ಇವನೇ ಎಂದು ಮೊದಲು ಹೇಳಿದ್ದು ಯಾರು?” ಎಂದು ಕೇಳಿದರು.

ಮ್ಯಾನೇಜರ್ ಎನ್ನಬಹುದಿತ್ತು. ಮೇಷ್ಟರು ಎನ್ನಬಹುದಿತ್ತು. ಯಂತ್ರ ಎಂದರೂ ಅರ್ಧ ನಿಜವೇ ಆಗುತ್ತಿತ್ತು.

“ಅನಾ” ಎಂದೆ. ನಾನು.